ಪ್ಯಾಕೆಟ್ ಕೇಕಿನ ಟ್ರಫಲ್‌: ಅಳತೆಯನ್ನು ಗ್ರಾಂನಲ್ಲಿ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ವರ್ಷಾಂತ್ಯದ ರಜೆ ಹತ್ತಿರವಾದಂತೆ ಅಡುಗೆ ಪುಟಗಳಲ್ಲಿ ಓವನ್ ಬೇಡದ ಟ್ರಫಲ್‌ಗಳು ಕಾಣಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಕೇಕನ್ನು ಪುಡಿಮಾಡಿ, ಕ್ರೀಮ್ ಚೀಸ್ ಬೆರೆಸಿ, ಉಂಡೆ ಕಟ್ಟಿ, ಕರಗಿಸಿದ ಚಾಕೊಲೇಟ್‌ನಲ್ಲಿ ಅದ್ದಿ ತೆಗೆಯಿರಿ ಎಂದು ನಾಲ್ಕೈದು ಸಾಲಿನಲ್ಲಿ ವಿಧಾನ ಮುಗಿದಿರುತ್ತದೆ. ವಿಧಾನದಲ್ಲಿ ತಪ್ಪೇನಿಲ್ಲ. ತೊಂದರೆ ಇರುವುದು ‘ಎರಡು ಪ್ಯಾಕೆಟ್ ಕೇಕ್, ಒಂದು ಡಬ್ಬಿ ಕ್ರೀಮ್ ಚೀಸ್’ ಎಂಬಂಥ ಅಳತೆಯಲ್ಲಿ. ಒಂದೊಂದು ಪ್ಯಾಕೆಟ್ಟಿನ ತೂಕ ಒಂದೊಂದು ಥರ. ಅದಕ್ಕಿಂತ ಮುಖ್ಯವಾಗಿ, ಕೇಕಿನೊಳಗೆ ಮೊದಲೇ ಇರುವ ಕ್ರೀಮು, ಜಾಮು, ಸಕ್ಕರೆ ಲೇಪನದ ಪ್ರಮಾಣವೂ ಬೇರೆ ಬೇರೆ. ಉಂಡೆ ನಿಲ್ಲುವುದೂ ಕುಸಿಯುವುದೂ ಅದರ ಮೇಲೆಯೇ ಹೋಗುತ್ತದೆ. ಈ ಅಳತೆಗಳನ್ನು ಗ್ರಾಂನಲ್ಲಿ ಕೊಡಬೇಕು, ಯಾವ ಬಗೆಯ ಕೇಕ್ ಎಂಬುದನ್ನೂ ಹೇಳಬೇಕು ಎಂಬುದೇ ಈ ಪತ್ರದ ಕೋರಿಕೆ.

300 ಗ್ರಾಂ ಕೇಕನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನಡುವೆ ಕ್ರೀಮ್ ತುಂಬಿದ ಕೇಕಾದರೆ ಆ ಕ್ರೀಮೇ ಅಂಟು. ಮೊದಲು ಏನನ್ನೂ ಸೇರಿಸದೆ ಎರಡು ನಿಮಿಷ ಕೈಯಲ್ಲಿ ಹಿಸುಕಿ ಕಲಸಿ. ಉಂಡೆ ಒಡೆಯುತ್ತಿದ್ದರೆ ಮಾತ್ರ ಕ್ರೀಮ್ ಚೀಸನ್ನು ಒಂದೊಂದೇ ಟೀ ಚಮಚದಂತೆ ಸೇರಿಸುತ್ತ ಹೋಗಿ. ಸಾಮಾನ್ಯವಾಗಿ 30 ಗ್ರಾಂ ದಾಟುವ ಪ್ರಮೇಯ ಬರುವುದಿಲ್ಲ. ಕ್ರೀಮಿಲ್ಲದ ಸಾದಾ ಸ್ಪಂಜ್ ಕೇಕಿಗೆ 75ರಿಂದ 90 ಗ್ರಾಂ ಕ್ರೀಮ್ ಚೀಸ್ ಅಥವಾ 60 ಗ್ರಾಂ, ಅಂದರೆ ಸುಮಾರು ಮೂರು ದೊಡ್ಡ ಚಮಚ, ಕಂಡೆನ್ಸ್ಡ್ ಮಿಲ್ಕ್ ಹಿಡಿಯುತ್ತದೆ. ಜಾಮ್ ತುಂಬಿದ್ದರೆ ಇದರ ಅರ್ಧದಿಂದ ಆರಂಭಿಸುವುದು ಕ್ಷೇಮ. ಸಾದಾ ಕೇಕಿಗೆ ಹೇಳಿದ ಅಳತೆಯನ್ನು ಕ್ರೀಮ್ ಕೇಕಿಗೆ ಹಾಕಿದರೆ ಸಿಗುವುದು ಚಮಚದಲ್ಲಿ ತಿನ್ನುವ ಮುದ್ದೆ. ಅದನ್ನು ಎಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟರೂ ಚಾಕೊಲೇಟ್‌ನ ಬಿಸಿ ತಾಗಿದೊಡನೆ ಜೋಲುತ್ತದೆ.

ಕಲಸಿದ ಮೇಲೆ ಹತ್ತು ನಿಮಿಷ ಮುಚ್ಚಿಡಬೇಕು. ಬಹುತೇಕ ಪಾಕವಿಧಾನಗಳಲ್ಲಿ ಈ ಮಾತೇ ಇರುವುದಿಲ್ಲ. ಕೇಕಿನ ಪುಡಿ ತೇವವನ್ನು ನಿಧಾನವಾಗಿ ಹೀರುತ್ತದೆ. ಹೀಗಾಗಿ ಹದ ತಿಳಿಯುವುದು ಕಲಸಿದ ಕ್ಷಣದಲ್ಲಲ್ಲ, ಹತ್ತು ನಿಮಿಷದ ನಂತರ. ಆಗ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ. ಬೆರಳಚ್ಚು ಹಾಗೆಯೇ ನಿಲ್ಲಬೇಕು. ಎರಡಾಗಿ ಮುರಿದರೆ ಹಿಟ್ಟಿನಂತೆ ಎಳೆಯಾಗದೆ ತುಂಡಾಗಬೇಕು. ಅಂಗೈಯಲ್ಲಿ ಜಿಡ್ಡು ಹೊಳೆಯಬಾರದು.

ಪುಡಿಮಾಡಲು ಕೈ ಅಥವಾ ಫೋರ್ಕ್ ಸಾಕು. ಮಿಕ್ಸಿ ಬಳಸುವುದಾದರೆ ತಡೆದು ತಡೆದು ಐದಾರು ಬಾರಿ ತಿರುಗಿಸಿ ನಿಲ್ಲಿಸಿ. ಒಂದೇ ಸಮ ಓಡಿಸಿದರೆ ಬಿಸಿಯೇರಿ ಕೇಕಿನ ಕೊಬ್ಬು ಹೊರಬಂದು ಇಡೀ ಮಿಶ್ರಣ ಜಿಗುಟಾಗುತ್ತದೆ. ಹೊರಗೆ ಚಾಕೊಲೇಟ್ ಕವಚ ಇರುವ ಕೇಕಿಗೆ ಮಾತ್ರ ಮಿಕ್ಸಿಯೇ ಒಳ್ಳೆಯದು. ಇಲ್ಲವಾದರೆ ಕವಚದ ಚೂರುಗಳು ಉಂಡೆಯ ಮೈಯಿಂದ ಚುಚ್ಚಿಕೊಂಡು ಹೊರಗೆ ನಿಲ್ಲುತ್ತವೆ. ಅಂಥ ಕೇಕನ್ನು 20 ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ ತಿರುಗಿಸಿದರೆ ಕವಚ ಮೆತ್ತಿಕೊಳ್ಳದೆ ಒಡೆಯುತ್ತದೆ.

ಮಿಶ್ರಣ ತೆಳುವಾದರೆ ಗಟ್ಟಿಮಾಡಲು ಬಿಸ್ಕತ್ತಿನ ಪುಡಿ ಇಲ್ಲವೇ ಹಾಲಿನ ಪುಡಿಯನ್ನು ಒಂದೊಂದು ದೊಡ್ಡ ಚಮಚ ಸೇರಿಸಬಹುದು. ಕೊಕೊ ಪುಡಿ ಇನ್ನೂ ಬೇಗ ತೇವ ಹೀರುತ್ತದೆ, ಆದರೆ ಕಹಿಯೂ ಜೊತೆಗೇ ಬರುತ್ತದೆ. ಹಸಿ ಮೈದಾವನ್ನು ಮಾತ್ರ ಖಂಡಿತ ಹಾಕಬೇಡಿ. ಪ್ಯಾಕೆಟ್ ಕೇಕ್ ಆಗಲೇ ಬೆಂದಿರುವುದರಿಂದಲೇ ಈ ತಿನಿಸಿಗೆ ಒಲೆ ಬೇಡ. ಹಸಿ ಹಿಟ್ಟು ಹಾಗಲ್ಲ. ಅದರಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ, ಇಲ್ಲಿ ಅವನ್ನು ಸಾಯಿಸುವ ಶಾಖವೇ ಇಲ್ಲ.

ಸಿಹಿಯ ಬಗ್ಗೆಯೂ ಒಂದು ಮಾತು. ಈ ಕೇಕುಗಳಲ್ಲೇ ಸಕ್ಕರೆ ಹೆಚ್ಚು, ಮೇಲೆ ಬಿಳಿ ಚಾಕೊಲೇಟ್ ಹೊದಿಸಿದರೆ ಎರಡನೆಯ ಉಂಡೆ ತಿನ್ನಲು ಕಷ್ಟ. ಮಿಶ್ರಣಕ್ಕೆ ಒಂದು ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಅಥವಾ ತುರಿದ ನಿಂಬೆ ಸಿಪ್ಪೆ ಸೇರಿಸಿ ಡಾರ್ಕ್ ಚಾಕೊಲೇಟ್ ಹೊದಿಸಿದರೆ ರುಚಿ ಸಮನಾಗುತ್ತದೆ. ಬಿಳಿಯದು ನೋಟಕ್ಕೆ ಚೆಂದ, ಅದರಿಂದ ಮೇಲೆ ಗೆರೆ ಎಳೆದರೆ ಸಾಕು.

ಉಂಡೆ 15 ಗ್ರಾಂ ಇರಲಿ. ಅಡ್ಡಳತೆ ಸುಮಾರು 3 ಸೆಂಟಿಮೀಟರ್ ಬರುತ್ತದೆ, ಎರಡು ಕಡಿತಕ್ಕೆ ಸರಿ. 330 ಗ್ರಾಂ ಮಿಶ್ರಣಕ್ಕೆ 22 ಉಂಡೆಗಳಾಗುತ್ತವೆ. ಕಣ್ಣಂದಾಜಿನಲ್ಲಿ ಕಟ್ಟಿದರೆ ದೊಡ್ಡವು ಒಳಗೆ ತಣ್ಣಗಾಗುವ ಮೊದಲೇ ಚಿಕ್ಕವು ಗಟ್ಟಿಯಾಗಿರುತ್ತವೆ. ಒಮ್ಮೆ ಒರಟಾಗಿ ಕಟ್ಟಿ, 15 ನಿಮಿಷ ಫ್ರಿಜ್‌ನಲ್ಲಿಟ್ಟು, ಮತ್ತೊಮ್ಮೆ ಅಂಗೈಯಲ್ಲಿ ಉರುಳಿಸಿದರೆ ಮೈ ನುಣುಪಾಗುತ್ತದೆ. ಮೈಯಲ್ಲಿ ಉಳಿದ ಬಿರುಕೆಲ್ಲ ಆಮೇಲೆ ಚಾಕೊಲೇಟ್‌ನ ಮೇಲೂ ಕಾಣುತ್ತದೆ.

ಹೆಚ್ಚು ಜನ ಎಡವುವುದು ತಣಿಸುವ ಹಂತದಲ್ಲಿ. ‘ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡಿ’ ಎಂಬ ಸಲಹೆಯಿಂದಲೇ ಕವಚ ಬಿರಿಯುತ್ತದೆ. ಕರಗಿದ ಚಾಕೊಲೇಟ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಒಳಗಿನ ಹೆಪ್ಪುಗಟ್ಟಿದ ಉಂಡೆ ಬೆಚ್ಚಗಾಗುತ್ತ ಹಿಗ್ಗುತ್ತದೆ. ಎರಡೂ ಒಟ್ಟಿಗೆ ನಡೆದಾಗ ಕವಚ ಸೀಳದೆ ಇರಲಾರದು. ಮೇಲಾಗಿ ಅತಿ ತಣ್ಣನೆಯ ಉಂಡೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಆ ನೀರು ಚಾಕೊಲೇಟ್ ಬಟ್ಟಲಿಗೆ ಇಳಿಯುತ್ತದೆ. ಫ್ರಿಜ್‌ನಲ್ಲಿ 45 ನಿಮಿಷದಿಂದ ಒಂದು ಗಂಟೆ ಸಾಕು. ಅವಸರವಿದ್ದರೆ ಫ್ರೀಜರ್‌ನಲ್ಲಿ 15 ನಿಮಿಷ, ಬಳಿಕ ಹೊರಗೆ ಐದು ನಿಮಿಷ. ಎಲ್ಲವನ್ನೂ ಒಟ್ಟಿಗೆ ಹೊರತೆಗೆಯದೆ ಆರೇಳರಂತೆ ತೆಗೆದು ಅದ್ದಬೇಕು.

ಹೊದಿಕೆಗೆ ಎರಡು ದಾರಿ. ಕಾಂಪೌಂಡ್ ಚಾಕೊಲೇಟ್‌ನಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಕರಗಿಸಿ ಅದ್ದಿದರೆ ತಾನಾಗಿ ಗಟ್ಟಿಯಾಗುತ್ತದೆ. ಹೊಸಬರಿಗೆ ಇದೇ ಸರಿ. ಕೊಕೊ ಬೆಣ್ಣೆಯ ಚಾಕೊಲೇಟ್‌ಗೆ ರುಚಿ ಹೆಚ್ಚು, ಆದರೆ ಟೆಂಪರಿಂಗ್, ಅಂದರೆ ಕರಗಿಸಿದ ಮೇಲೆ ಬಿಸಿಯನ್ನು ಅಳೆದು ಇಳಿಸಿ ಏರಿಸುವ ಕ್ರಮ, ಬೇಕು. ಕೊಕೊ ಬೆಣ್ಣೆ ಆರು ರೂಪಗಳಲ್ಲಿ ಹರಳುಗಟ್ಟಬಲ್ಲದು. ಹೊಳಪನ್ನೂ ‘ಟಕ್’ ಎಂದು ಮುರಿಯುವ ಗುಣವನ್ನೂ ಕೊಡುವುದು ಅವುಗಳಲ್ಲಿ ಐದನೆಯ ರೂಪ. ಅದಕ್ಕಾಗಿ ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ, ಕಲಕುತ್ತ 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಬಳಸಬೇಕು. ಹಾಲಿನ ಚಾಕೊಲೇಟ್‌ಗೆ ಕೊನೆಯ ಅಂಕಿ 29–30, ಬಿಳಿಯದಕ್ಕೆ 28–29. ಸುಮ್ಮನೆ ಕರಗಿಸಿ ಅದ್ದಿದರೆ ಹೊದಿಕೆ ಗಟ್ಟಿಯಾಗಲು ಬಹಳ ಹೊತ್ತು ಹಿಡಿದು, ಬೆರಳು ತಾಗಿದರೆ ಕರಗಿ, ಮೇಲೆ ಬೂದಿ ಬಣ್ಣದ ಪಟ್ಟೆಗಳು ಮೂಡುತ್ತವೆ. ಬೂಷ್ಟು ಎಂದು ಹೆದರಿ ಎಸೆಯುವವರಿದ್ದಾರೆ. ಅದು ಮೇಲೆ ಬಂದ ಕೊಬ್ಬು, ತಿನ್ನಲು ಅಡ್ಡಿಯಿಲ್ಲ.

22 ಉಂಡೆಗಳಿಗೆ 200ರಿಂದ 250 ಗ್ರಾಂ ಚಾಕೊಲೇಟ್ ಕರಗಿಸಿ. ಒಂದೊಂದು ಉಂಡೆಗೆ ಅಂಟುವುದು ಐದಾರು ಗ್ರಾಂ ಮಾತ್ರ, ಉಳಿದದ್ದು ಮುಳುಗಿಸಲು ಬೇಕಾದ ಆಳಕ್ಕೆ. ಅಗಲ ತಟ್ಟೆಗಿಂತ ಕಿರಿದಾದ ಆಳದ ಬಟ್ಟಲು ವಾಸಿ. ಮೈಕ್ರೋವೇವ್‌ನಲ್ಲಾದರೆ ಅರ್ಧ ಪವರ್‌ನಲ್ಲಿ 30 ಸೆಕೆಂಡಿಗೊಮ್ಮೆ ತೆಗೆದು ಕಲಕಿ. ಮುಕ್ಕಾಲು ಭಾಗ ಕರಗಿದಾಗ ನಿಲ್ಲಿಸಿದರೆ ಉಳಿದದ್ದು ಕಲಕುವಾಗಲೇ ಕರಗುತ್ತದೆ. ಕುದಿನೀರಿನ ಪಾತ್ರೆಯ ಮೇಲೆ ಕರಗಿಸುವುದಾದರೆ ಬಟ್ಟಲಿನ ತಳಕ್ಕೆ ನೀರು ತಾಗಬಾರದು, ಅಂಚಿನಿಂದ ಹಬೆ ಒಳಗೆ ಬರಬಾರದು. ಕೆಲವೇ ಹನಿ ನೀರು ಬಿದ್ದರೂ ಚಾಕೊಲೇಟ್‌ನಲ್ಲಿರುವ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಇಡೀ ಬಟ್ಟಲು ಗರಗರಿ ಮುದ್ದೆಯಾಗುತ್ತದೆ. ನೀರು ಬೆರೆತ ಬಣ್ಣ ಹಾಕಿದರೂ ಇದೇ ಗತಿ. ಎಣ್ಣೆಯಲ್ಲಿ ಕಲಸಿದ ಬಣ್ಣವೇ ಆಗಬೇಕು. ಕೆಟ್ಟ ಮುದ್ದೆಯನ್ನು ಹೊದಿಕೆಗೆ ಮರಳಿ ತರಲಾಗದು. ಬಿಸಿ ಕ್ರೀಮನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಸಾಸ್ ಮಾಡಿಕೊಳ್ಳಬಹುದು. ಕಾಂಪೌಂಡ್ ಬರೀ ದಪ್ಪವಾಗಿದ್ದರೆ 200 ಗ್ರಾಂಗೆ ಒಂದು ಟೀ ಚಮಚ ಪರಿಮಳವಿಲ್ಲದ ಎಣ್ಣೆ ಸಾಕು.

ಉಂಡೆಯನ್ನು ಚಾಕೊಲೇಟ್‌ಗೆ ಬಿಟ್ಟು, ಫೋರ್ಕಿನಿಂದ ಹೊರಳಿಸಿ, ಎತ್ತಿ, ಬಟ್ಟಲಿನ ಅಂಚಿಗೆ ನಾಲ್ಕೈದು ಬಾರಿ ತಟ್ಟಿ, ಫೋರ್ಕಿನ ತಳವನ್ನು ಅಂಚಿಗೆ ಒರೆಸಿ ಬಟರ್ ಪೇಪರ್ ಮೇಲೆ ಇಳಿಸಿ. ತಳ ಒರೆಸದಿದ್ದರೆ ಉಂಡೆಯ ಸುತ್ತ ಚಾಕೊಲೇಟ್ ಕೊಳದಂತೆ ಹರಡುತ್ತದೆ. ಅಲಂಕಾರದ ಸಕ್ಕರೆಕಾಳುಗಳನ್ನು ಒಂದೊಂದು ಉಂಡೆ ಇಳಿಸಿದ ತಕ್ಷಣ ಉದುರಿಸಬೇಕು, ತಣ್ಣನೆಯ ಉಂಡೆಯ ಮೇಲೆ ಹೊದಿಕೆ ಬೇಗ ಒಣಗುತ್ತದೆ. ಮರುದಿನ ಹೊದಿಕೆಯಿಂದ ಎಣ್ಣೆಯ ಹನಿ ಜಿನುಗಿದರೆ ಎಲ್ಲೋ ಸೂಜಿಮೊನೆಯಷ್ಟು ರಂಧ್ರ ಉಳಿದಿದೆ, ಒಳಗಿನ ಮಿಶ್ರಣ ಹೆಚ್ಚು ಜಿಡ್ಡಾಗಿದೆ ಎಂದೇ ತಿಳಿಯಬೇಕು. ಗಟ್ಟಿಯಾದ ಮೇಲೆ ಪ್ರತಿ ಉಂಡೆಯ ತಳ ನೋಡಿ, ತೂತಿದ್ದಲ್ಲಿ ಒಂದು ಹನಿ ಚಾಕೊಲೇಟ್ ಮುಟ್ಟಿಸಿದರೆ ಸರಿಹೋಗುತ್ತದೆ.

ಕ್ರೀಮ್ ಚೀಸ್ ಹಾಕಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿಟ್ಟು ಐದಾರು ದಿನದೊಳಗೆ ಮುಗಿಸಬೇಕು, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಫ್ರೀಜರ್‌ನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತದೆ. ಬಳಸುವ ಹಿಂದಿನ ರಾತ್ರಿ ಡಬ್ಬಿಯ ಮುಚ್ಚಳ ತೆಗೆಯದೆ ಫ್ರಿಜ್‌ಗೆ ವರ್ಗಾಯಿಸಿ. ಆಗ ತೇವ ಡಬ್ಬಿಯ ಹೊರಮೈಗೆ ಕೂರುತ್ತದೆ, ಉಂಡೆ ಬೆವರುವುದಿಲ್ಲ. ಉಡುಗೊರೆಯಾಗಿ ಕೊಡುವವರು ಕೇಕಿನ ಪ್ಯಾಕೆಟ್ಟನ್ನೂ ಚಾಕೊಲೇಟ್ ಪ್ಯಾಕೆಟ್ಟನ್ನೂ ಎಸೆಯುವ ಮೊದಲು ಪದಾರ್ಥಗಳ ಪಟ್ಟಿ ಓದಿ, ಗೋಧಿ, ಮೊಟ್ಟೆ, ಹಾಲು, ಸೋಯಾ, ಬೀಜಗಳು ಇದ್ದರೆ ಅವನ್ನು ಡಬ್ಬಿಯ ಮೇಲೆ ಬರೆಯಬೇಕು. ಹೊದಿಕೆಯೊಳಗೆ ಏನಿದೆ ಎಂಬುದು ತಿನ್ನುವವರಿಗೆ ನೋಡಿದರೆ ಗೊತ್ತಾಗುವುದಿಲ್ಲ.

ಇತಿ,
ತಮ್ಮ ಪತ್ರಿಕೆಯ ಓದುಗರು