ಜೂನ್ ಬೇಡ, ಫೆಬ್ರವರಿಗೆ ಬಾ

ಶ್ಕುವೋಲ್, ಸ್ವಿಟ್ಜರ್ಲೆಂಡ್
ಫೆಬ್ರವರಿ ಕೊನೆಯ ವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾನು, ಅಪ್ಪ ಇಬ್ಬರೂ ಕ್ಷೇಮ. ಹಾಸ್ಟೆಲಿನ ಊಟ ಸುಧಾರಿಸಿದೆ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು, ನಂಬಿಕೆ ಮಾತ್ರ ಬರಲಿಲ್ಲ. ಕೊನೆಯ ಪರೀಕ್ಷೆ ಮುಗಿಸಿಕೊಂಡು ಜೂನ್‌ನಲ್ಲಿ ಬರುತ್ತೇನೆ, ಅಷ್ಟರಲ್ಲಿ ಹಿಮ ಕರಗಿರುತ್ತದೆ ಎಂದೂ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ. ಜೂನ್ ಬೇಡ. ಬರುವ ವರ್ಷದ ಫೆಬ್ರವರಿಗೆ ಬಾ. ಚಳಿಗೆ ಹೆದರಿ ಇಲ್ಲಿಯವರು ಬಾಗಿಲು ಹಾಕಿಕೊಂಡು ಕೂತಿರುತ್ತಾರೆ ಎಂದು ನೀನು ತಿಳಿದಂತಿದೆ. ನಿಜಕ್ಕೂ ಬೇಸಿಗೆಯಲ್ಲೇ ಇಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ದನಗಳು ಬೆಟ್ಟದ ಮೇಲಿನ ಹುಲ್ಲುಗಾವಲು ಸೇರಿರುತ್ತವೆ, ಕೆಳಗಿರುವವರಿಗೆ ಮಳೆ ಬರುವುದರೊಳಗೆ ಹುಲ್ಲು ಕೊಯ್ದು ಒಣಗಿಸುವ ಧಾವಂತ.

ಹಿಂದೆ ಈ ಎಂಗಡೀನ್ ಕಣಿವೆಯಿಂದ ಮಿಠಾಯಿ ಮಾಡುವವರು ಹೊಟ್ಟೆಪಾಡಿಗೆ ವೆನಿಸ್‌ವರೆಗೂ ಹೋಗಿದ್ದರು. 1766ರಲ್ಲಿ ವೆನಿಸ್ ಅವರನ್ನು ಹೊರಹಾಕಿದ ಮೇಲೆ ಯೂರೋಪಿನ ಬೇರೆ ಬೇರೆ ಊರುಗಳಿಗೆ ಚದುರಿಹೋದರು. ಕೈಯಲ್ಲಿ ನಾಲ್ಕು ಕಾಸಾದವರು ಊರಲ್ಲಿ ಚಂದದ ಮನೆ ಕಟ್ಟಿಸಿ, ಬೇಸಿಗೆಯಲ್ಲಷ್ಟೇ ಬಂದು ಹೋಗುತ್ತಿದ್ದರಂತೆ. ನೀನೂ ಹಾಗೆ ಬಂದು ಹೋಗುವುದು ನನಗೆ ಇಷ್ಟವಿಲ್ಲ.

ಇಲ್ಲಿಯ ಜನ ಮಾತು ಕಡಿಮೆ. ದಾರಿಯಲ್ಲಿ ಸಿಕ್ಕರೆ "ಅಲ್ಲೇಗ್ರಾ" ಎಂದು ನಮಸ್ಕಾರ ಹೇಳುತ್ತಾರೆ, ಅಷ್ಟಕ್ಕೆ ಮುಗಿಯಿತು. ಊಟ ಆಯಿತೇ, ಮಗಳ ಮದುವೆ ಯಾವಾಗ ಎಂದೆಲ್ಲ ಕೇಳುವವರಲ್ಲ. (ಎರಡನೆಯದನ್ನು ಕೇಳದಿರುವುದು ನಿನಗೆ ಹಿತವೆನಿಸೀತು.) ಆದರೆ ರಾತ್ರಿಯಿಡೀ ಹಿಮ ಸುರಿದ ಬೆಳಗ್ಗೆ ನೋಡಬೇಕು. ಕತ್ತಲಿರುವಾಗಲೇ ಸಲಿಕೆ ಕಲ್ಲಿಗೆ ತಾಗುವ ಸದ್ದು ಶುರುವಾಗುತ್ತದೆ. ನಿನ್ನ ಬಾಗಿಲಿನ ಹಿಮವನ್ನು ಪಕ್ಕದವರ ಬಾಗಿಲಿಗೆ ತಳ್ಳಿದೆಯೋ, ಅದರಷ್ಟು ದೊಡ್ಡ ಅಪರಾಧ ಇನ್ನೊಂದಿಲ್ಲ. ನಮ್ಮ ಎದುರು ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರೇ ಇದ್ದಾರೆ. ಅವರ ಮೆಟ್ಟಿಲ ಮೇಲಿನ ಹಿಮವನ್ನು ಯಾರು ತೆಗೆಯುತ್ತಾರೆಂದು ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಬೆಳಗಾಗುವುದರೊಳಗೆ ಮೆಟ್ಟಿಲು ಮಾತ್ರ ಚೊಕ್ಕಟವಾಗಿರುತ್ತದೆ.

ಇದರ ಹಿಂದೆ ಭಯವೂ ಇದೆ. 1951ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಟ್ಟದಿಂದ ಜಾರಿಬೀಳುವ ಹಿಮಕುಸಿತಗಳಿಗೆ ಸಿಕ್ಕಿ ಸತ್ತವರು 98 ಮಂದಿ. ನಮ್ಮದೇ ಕಣಿವೆಯ ಮೇಲ್ಭಾಗದ ಜುಯೊತ್ಸ್ ಊರೂ ಪೆಟ್ಟು ತಿಂದಿತ್ತು. ಈಗ ದಾವೋಸ್‌ನ ಸಂಶೋಧನಾ ಸಂಸ್ಥೆ ಚಳಿಗಾಲದುದ್ದಕ್ಕೂ ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಅಪಾಯದ ಮಟ್ಟವನ್ನು ಒಂದರಿಂದ ಐದರವರೆಗಿನ ಅಂಕದಲ್ಲಿ ಪ್ರಕಟಿಸುತ್ತದೆ. ನಿನ್ನ ಅಪ್ಪ ಕ್ರಿಕೆಟ್ ಸ್ಕೋರ್ ನೋಡಿದಷ್ಟೇ ಶ್ರದ್ಧೆಯಿಂದ ಅದನ್ನು ನೋಡುತ್ತಾರೆ. ಹಿಮಕುಸಿತದ ಅಪಾಯವನ್ನು ಎದುರಿಸುವ ಈ ತಿಳಿವಳಿಕೆಯನ್ನು ಯುನೆಸ್ಕೋ 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ಹೆಸರಿನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೀತೆ, ನೃತ್ಯಗಳ ಸಾಲಿನಲ್ಲಿ ಇಂಥದ್ದೊಂದು ಇರುವುದು ನನಗೆ ಬಹಳ ಸರಿ ಎನ್ನಿಸುತ್ತದೆ. ಹಿಂದೆ ದಾವೋಸ್‌ನಿಂದ ನಮ್ಮ ಕಣಿವೆಗೆ ಬರುವ ಫ್ಲುಯೆಲಾ ಘಟ್ಟದ ದಾರಿ ಹಿಮದಲ್ಲಿ ಮುಚ್ಚಿತೆಂದರೆ ಆ ಕಡೆಯಿಂದ ಕಾರಿನಲ್ಲಿ ಬರುವಂತೆಯೇ ಇರಲಿಲ್ಲ. 1999ರಲ್ಲಿ ಹತ್ತೊಂಬತ್ತು ಕಿಲೋಮೀಟರ್ ಉದ್ದದ ವೆರೈನಾ ಸುರಂಗ ತೆರೆದ ಮೇಲೆ ಕಾರುಗಳೇ ರೈಲು ಹತ್ತಿ ಬರುತ್ತವೆ.

ಈ ತಿಂಗಳ ಮೊದಲ ಶನಿವಾರ ನಮ್ಮೂರಿನಲ್ಲಿ 'ಹೊಮ್ ಸ್ತ್ರೋಮ್' ಸುಟ್ಟೆವು. ರೈ ಧಾನ್ಯದ ಹುಲ್ಲನ್ನು ಹುರಿಮಾಡಿ ಎತ್ತರದ ಕಂಬಕ್ಕೆ ಬಿಗಿಯಾಗಿ ಸುತ್ತಿ ಸುತ್ತಿ ಹುಲ್ಲುಮನುಷ್ಯನನ್ನು ಕಟ್ಟುತ್ತಾರೆ. ಕಟ್ಟುವ ಕೆಲಸದಲ್ಲಿ ಶಾಲೆಯ ಮಕ್ಕಳದೇ ಗಲಾಟೆ. ಸಂಜೆ ಕತ್ತಲಾದ ಮೇಲೆ ಊರಿಗೆ ಊರೇ ನೆರೆದು ಬೆಂಕಿ ಇಡುತ್ತದೆ, ಚಳಿಗಾಲ ತೊಲಗಲಿ ಎಂದು. ಧಾರವಾಡದಲ್ಲಿ ಇನ್ನು ಕೆಲವು ದಿನಕ್ಕೆ ನೀನು ನೋಡಲಿರುವ ಕಾಮದಹನ ನೆನಪಾಗದೆ ಇರಲಿಲ್ಲ. ಸೌದೆ, ಬೆರಣಿ ಕದಿಯುವ ಹುಡುಗರಿಲ್ಲ, ಬಾಯಿ ಬಡಿದುಕೊಳ್ಳುವವರಿಲ್ಲ, ಅಷ್ಟೇ ವ್ಯತ್ಯಾಸ. ಬೆಂಕಿಯೆದುರು ಮುಖ ಸುಡುತ್ತಿತ್ತು, ಬೆನ್ನು ಮರಗಟ್ಟುತ್ತಿತ್ತು. ವಾರಗಟ್ಟಲೆ ತುಟಿ ಬಿಚ್ಚದ ಬೇಕರಿಯಾತ ಅಂದು ನನ್ನೊಡನೆ ಬಾರ್ಲಿ ಸೂಪಿನ ವಿಷಯವಾಗಿ ಅರ್ಧ ಗಂಟೆ ವಾದ ಮಾಡಿದ!

ಇನ್ನು ಬರುವುದು ಮಾರ್ಚ್ 1ರ ಚಲಂದಾಮಾರ್ಟ್ಸ್ ಹಬ್ಬ. ರೋಮನ್ನರ ಹಳೆಯ ಪಂಚಾಂಗದಲ್ಲಿ ವರ್ಷ ಶುರುವಾಗುತ್ತಿದ್ದ ದಿನ ಅದು. ಶಾಲೆಯ ಮಕ್ಕಳು ದನದ ಗಂಟೆಗಳನ್ನು ಹೆಗಲಿಗೆ ಹಾಕಿಕೊಂಡು ಊರ ಕಾರಂಜಿಗಳನ್ನು ಸುತ್ತಿ ಬರುತ್ತಾರೆ, ಮನೆಗಳ ಮುಂದೆ ನಿಂತು ರೊಮಾಂಶ್ ಭಾಷೆಯಲ್ಲಿ ಹಾಡುತ್ತಾರೆ. ಹಸುಗಳನ್ನು ಕೊಟ್ಟಿಗೆಯಿಂದ ಹೊರಗೆ ಬಿಡಿ ಎನ್ನುವುದು ಹಾಡಿನ ಸಾರ. ಆ ಭಾಷೆ ಆಡುವವರು ಹೆಚ್ಚೆಂದರೆ ಅರವತ್ತು ಸಾವಿರದ ಆಸುಪಾಸು. ಆದರೂ 1938ರಲ್ಲಿ ಇಡೀ ದೇಶ ಮತ ಹಾಕಿ ಅದನ್ನು ನಾಲ್ಕನೆಯ ರಾಷ್ಟ್ರಭಾಷೆ ಎಂದು ಒಪ್ಪಿತು. ನಮ್ಮೂರಿನ ಕಾರಂಜಿಗಳ ಸುದ್ದಿಯನ್ನೂ ಹೇಳಬೇಕು: ಕೆಲವಕ್ಕೆ ಎರಡು ಕೊಳವೆ, ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ನೆಲದಿಂದ ಉಕ್ಕುವ ಖನಿಜದ ನೀರು. ನಾಲಿಗೆಗೆ ಸೋಡಾದಂತೆ ಚುರುಗುಟ್ಟುತ್ತದೆ, ಮೊಳೆ ಚೀಪಿದ ಹಾಗೆ ಕಬ್ಬಿಣದ ರುಚಿ. ನಿನ್ನ ಅಪ್ಪ ಇದನ್ನು ದಿನಾ ಕುಡಿಯುತ್ತಾರೆ. ನನಗೆ ಆಗದು.

ಪಕ್ಕದ ಮನೆಯ ಹುಡುಗಿ ಈಗಾಗಲೇ ಅಭ್ಯಾಸಕ್ಕೆ ಇಳಿದಿದ್ದಾಳೆ. ಅಗಲವಾದ ತೊಗಲಿನ ಪಟ್ಟಿ ಕೊರೆಯದಂತೆ ಹೆಗಲಿಗೆ ಉಣ್ಣೆಯ ಶಾಲು ಮಡಚಿ ಇಟ್ಟುಕೊಂಡಿರುತ್ತಾಳೆ. ಗಂಟೆಯ ಭಾರಕ್ಕೆ ಹಿಂದಕ್ಕೆ ವಾಲಿ ನಡೆಯುತ್ತಾಳೆ. ನಮ್ಮ ಪಡಸಾಲೆಗೆ ಬಂದಾಗ ಮೇಲಿನ ಮನೆಯ ಕೂಸು ಎದ್ದೀತೆಂದು ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಜುಯೊತ್ಸ್‌ನಲ್ಲಿ ಮಾತ್ರ ಗಂಟೆ ಹೊರುವುದು ಗಂಡುಮಕ್ಕಳೇ, ಸಂಪ್ರದಾಯವಂತೆ. ಹೆಣ್ಣುಮಕ್ಕಳು ಗಂಟೆ ಹೊತ್ತರೆ ಚಳಿಗಾಲವೇನು ಓಡಿಹೋಗದೆ ಕೂತಿರುತ್ತದೆಯೇ? ನಾನು ಹೀಗೆಂದಾಗ ಎದುರು ಮನೆಯ ಅಜ್ಜಿ ನಕ್ಕರು, ಏನೂ ಹೇಳಲಿಲ್ಲ.

ಚಲಂದಾಮಾರ್ಟ್ಸ್ ದಿನ ಬೇಯಿಸಿದ ಚೆಸ್ಟ್‌ನಟ್ ಮೇಲೆ ಕಡೆದ ಕೆನೆ ಹಾಕಿ ತಿನ್ನುವ ವಾಡಿಕೆ. ಬಿಸಿಯಿರುವಾಗಲೇ ಸಿಪ್ಪೆ ಬಿಡಿಸಬೇಕು, ಒಳಪೊರೆ ಉಗುರಿಗೆ ಸಿಕ್ಕಿಕೊಂಡು ಪ್ರಾಣ ತಿನ್ನುತ್ತದೆ. ನಿನಗೆ ಗಂಟೆ ಸಿಗುವುದಿಲ್ಲ, ಅದು ಶಾಲೆಯ ಮಕ್ಕಳಿಗೆ. ಸುಲಿಯುವ ಕೆಲಸ ಸಿಗುತ್ತದೆ. ಹೇಗೂ ಬರುವ ವರ್ಷಕ್ಕೆ ಓದು ಮುಗಿದಿರುತ್ತದೆ. ಫೆಬ್ರವರಿ ಮೊದಲ ವಾರವೇ ಬಂದು ಮಾರ್ಚ್‌ವರೆಗೂ ಇರು. ಬೂಟು ಅಲ್ಲಿ ಕೊಳ್ಳಬೇಡ, ಹಿಮದಲ್ಲಿ ಜಾರುತ್ತದೆ, ಇಲ್ಲೇ ಕೊಡಿಸುತ್ತೇನೆ. ಟಿಕೆಟಿನ ವಿಷಯ ಮಾತ್ರ ಅಪ್ಪನನ್ನು ಕೇಳಬೇಡ, ಯಾವ ತಿಂಗಳು ಅಗ್ಗವೋ ಆ ತಿಂಗಳೇ ಒಳ್ಳೆಯದು ಎನ್ನುತ್ತಾರೆ.

ನಿನ್ನ
ಅಮ್ಮ