ಮುಳ್ಳು ನಿಂತ್ರೆ ಮೀಟರ್ ಬಿಚ್ಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಹನ ಪುಟದಲ್ಲಿ ಒಬ್ರು ಓದುಗರು ತಮ್ಮ ಹಳೇ ಸ್ಪೋರ್ಟ್ಸ್ ಕಾರಿನ ಸ್ಪೀಡೋಮೀಟರ್ ಕೆಲಸ ಮಾಡ್ತಿಲ್ಲ ಏನ್ ಮಾಡ್ಲಿ ಅಂತ ಕೇಳಿದ್ರು, ಅದಕ್ಕೆ ಬಂದ ಉತ್ತರ ಒಂದೇ ಸಾಲು, ಹಳೇ ಮೀಟರ್ ತೆಗೆಸಿ ಜಿಪಿಎಸ್ ಮೀಟರ್ ಹಾಕ್ಸಿ ಅಂತ. ಓದಿ ಸಂಕಟ ಆಯ್ತು, ಯಾಕಂದ್ರೆ ಇಂಥದ್ದೇ ಅವಸರದ ಮಾತು ನಂಬಿ ನಾನು ಚೆನ್ನಾಗಿದ್ದ ಒಂದು ಮೀಟರ್ ಹಾಳು ಮಾಡ್ಕೊಂಡಿದೀನಿ. ನನ್ನ ಹತ್ರ ಇರೋದು ಎಂಜಿಬಿ, 1962ರಿಂದ 1980ರ ತನಕ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಒಂದಿನ ಮುಳ್ಳು ಸೊನ್ನೇಲೇ ಮಲಗ್ಬಿಡ್ತು. ಮೆಕ್ಯಾನಿಕ್ ಒಬ್ರು ನೋಡಿದ ತಕ್ಷಣ ಮೀಟರ್ ಹೋಗಿದೆ ಅಂದ್ರು, ಗ್ಲಾಸ್ ತೆಗೆದ್ರು, ಮುಳ್ಳು ಕೀಳುವಾಗ ಒಳಗಿರೋ ಕೂದಲೆಳೆಯಂಥ ಸ್ಪ್ರಿಂಗ್ ಸೊಟ್ಟಗಾಯ್ತು. ಆಮೇಲೆ ನೋಡಿದ್ರೆ ತುಂಡಾಗಿದ್ದಿದ್ದು ಕೇಬಲ್ ಅಷ್ಟೇ.

ಈ ಮೀಟರ್ ಒಳಗೆ ಇರೋದು ತುಂಬಾ ಸರಳ, ಆದ್ರೆ ಅಷ್ಟೇ ನಾಜೂಕು. ಜರ್ಮನಿಯ ಓಟೋ ಶುಲ್ಜ್ 1902ರಲ್ಲಿ ಪೇಟೆಂಟ್ ಮಾಡಿಸಿದ ವಿಧಾನ ಇದು. ಗೇರ್‌ಬಾಕ್ಸಿಂದ ಬರೋ ಕೇಬಲ್ ಒಂದು ಅಯಸ್ಕಾಂತನ ತಿರುಗಿಸುತ್ತೆ, ಅದರ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತೆ, ಎರಡೂ ಒಂದಕ್ಕೊಂದು ತಾಗೋದೇ ಇಲ್ಲ, ಆದ್ರೂ ಅಯಸ್ಕಾಂತ ತಿರುಗಿದಂಗೆಲ್ಲ ಬಟ್ಟಲಲ್ಲಿ ಕರೆಂಟ್ ಹುಟ್ಟಿ ಅದನ್ನ ಜೊತೆಗೆ ಎಳೆಯುತ್ತೆ, ಆ ಸಣ್ಣ ಸ್ಪ್ರಿಂಗ್ ಹಿಡಿದು ನಿಲ್ಲಿಸುತ್ತೆ, ಈ ಎಳೆದಾಟ ಸಮ ಆದ ಜಾಗದಲ್ಲಿ ಮುಳ್ಳು ನಿಲ್ಲುತ್ತೆ. ಮೈಲಿ ಎಣಿಸೋ ಅಂಕಿಗಳೂ ಅದೇ ಕೇಬಲ್ಲಿಂದಲೇ ತಿರುಗೋದು, ಆದ್ರೆ ಬೇರೆ ಸಣ್ಣ ಗೇರುಗಳ ಮೂಲಕ.

ಹಾಗಾಗಿ ಆ ಓದುಗರನ್ನ ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ಅಂಕಿ ಓಡ್ತಿದೆಯಾ ಇಲ್ವಾ ಅಂತ. ಅಂಕಿ ಓಡ್ತಿದ್ದು ಮುಳ್ಳು ಮಾತ್ರ ನಿಂತಿದ್ರೆ ಕೇಬಲ್ ಸರಿ ಇದೆ, ತೊಂದರೆ ಮೀಟರ್ ಒಳಗೆ. ಮುಳ್ಳು ಆಡ್ತಿದ್ದು ಅಂಕಿ ನಿಂತಿದ್ರೂ ಮೀಟರ್ ಒಳಗೇ, ಯಾವುದೋ ಗೇರ್ ಹಲ್ಲು ಸವೆದಿರುತ್ತೆ. ಎರಡೂ ಒಟ್ಟಿಗೆ ನಿಂತಿದ್ರೆ ಮಾತ್ರ ಮೀಟರ್ ಮುಟ್ಟೋ ಮೊದ್ಲು ಕೇಬಲ್ ಕಡೆ ನೋಡ್ಬೇಕು.

ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ಮೀಟರಿಗೆ ಸಿಕ್ಕಿಸಿರೋ ಕೇಬಲ್ ನಟ್ ಬಿಚ್ಚಿ, ಒಳಗಿನ ವೈರ್ ಹಿಡಿದು ಮೆಲ್ಲಗೆ ಎಳೆದು ನೋಡಿ, ಎಷ್ಟೋ ಕಾರುಗಳಲ್ಲಿ ಅದು ಮೇಲಿಂದಲೇ ಈಚೆ ಬರುತ್ತೆ, ಅರ್ಧ ಮಾತ್ರ ಬಂದ್ರೆ ತುಂಡಾಗಿದೆ ಅಂತ ಅಲ್ಲೇ ಗೊತ್ತಾಯ್ತು. ಪೂರ್ತಿ ಬಂದ್ರೆ ಎರಡೂ ತುದೀಲಿರೋ ಚೌಕದ ಮೂಲೆ ಸವೆದು ದುಂಡಗಾಗಿದೆಯಾ ನೋಡಿ. ಅದೂ ಚೆನ್ನಾಗಿದ್ರೆ ವೈರ್ ವಾಪಸ್ ಹಾಕಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗ್ಲೇಬೇಡಿ), ನ್ಯೂಟ್ರಲ್‌ನಲ್ಲಿ ಚಕ್ರನ ಕೈಯಲ್ಲಿ ತಿರುಗಿಸಿದ್ರೆ ವೈರ್ ತುದಿ ತಿರುಗ್ಬೇಕು. ತಿರುಗ್ಲಿಲ್ಲ ಅಂದ್ರೆ ಗೇರ್‌ಬಾಕ್ಸ್ ಕಡೆಯ ಸಣ್ಣ ಗೇರ್ ನೋಡ್ಬೇಕು, ಕೆಲವು ಕಾರುಗಳಲ್ಲಿ ಅಲ್ಲಿ ಕೇಬಲ್ಲನ್ನ ಮೂಲೆ ತಿರುಗಿಸೋ ಆ್ಯಂಗಲ್ ಡ್ರೈವ್ ಅನ್ನೋ ಒಂದು ಸಣ್ಣ ಗೇರ್ ಡಬ್ಬಿ ಇರುತ್ತೆ, ಅದನ್ನೂ ನೋಡಿ.

ಮೀಟರನ್ನೇ ಪರೀಕ್ಷೆ ಮಾಡೋಕೂ ಅದನ್ನ ಬಿಚ್ಚೋದು ಬೇಕಿಲ್ಲ. ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಮೀಟರುಗಳ ಮುಖದ ಮೇಲೆ ಕೆಳಗಡೆ ಸಣ್ಣದಾಗಿ ಒಂದು ನಂಬರ್ ಇರುತ್ತೆ, 1000 ಅಥವಾ 1280 ಹೀಗೆ, ಅಂದ್ರೆ ಒಂದು ಮೈಲಿಗೆ ಕೇಬಲ್ ಅಷ್ಟು ಸುತ್ತು. 1000 ಇದ್ರೆ ನಿಮಿಷಕ್ಕೆ 1000 ಸುತ್ತಿಗೆ ಮುಳ್ಳು ಗಂಟೆಗೆ 60 ಮೈಲಿ ತೋರಿಸ್ಬೇಕು. ಸ್ಪೀಡ್ ಕಂಟ್ರೋಲ್ ಇರೋ ಡ್ರಿಲ್‌ಗೆ ಒಂದು ಕೇಬಲ್ ತುಂಡು ಸಿಕ್ಕಿಸಿ, ಕಾರಲ್ಲಿ ಕೇಬಲ್ ಯಾವ ಕಡೆ ತಿರುಗುತ್ತೋ ಅದೇ ಕಡೆಗೆ ಮೆಲ್ಲಗೆ ತಿರುಗಿಸಿದ್ರೆ ಮುಳ್ಳು ಏಳುತ್ತಾ ಇಲ್ವಾ ಕಣ್ಣೆದುರೇ ಗೊತ್ತಾಗುತ್ತೆ. ಗೇರ್‌ಬಾಕ್ಸ್ ಅಥವಾ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಜೋಡಣೆ) ಬದಲಾಯಿಸಿದ ಕಾರಾದ್ರೆ ಈ ನಂಬರೂ ತಾಳೆ ಆಗ್ಬೇಕು: ಹಿಂದಿನ ಚಕ್ರ 6 ಸುತ್ತು ಉರುಳೋ ಅಷ್ಟು ಕಾರು ತಳ್ಳಿ ಕೇಬಲ್ ಎಷ್ಟು ಸುತ್ತು ಬಂತು ಎಣಿಸಿ, ಅದನ್ನ 1680ರಿಂದ ಗುಣಿಸಿ, ಚಕ್ರದ ಮಧ್ಯದಿಂದ ನೆಲಕ್ಕಿರೋ ಇಂಚಿನಿಂದ ಭಾಗಿಸಿದ್ರೆ ನಿಮ್ಮ ಕಾರಿಗೆ ಬೇಕಾದ ನಂಬರ್ ಸಿಗುತ್ತೆ.

ಮುಳ್ಳು ಸಾಯೋ ಮೊದ್ಲು ನಡುಗ್ತಾ ಇತ್ತು ಅಂದ್ರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಜಾಸ್ತಿ ಬಾಗಿದೆ, 6 ಇಂಚು ರೇಡಿಯಸ್‌ಗಿಂತ ಬಿಗಿಯಾಗಿ ಬಾಗಿಸ್ಬಾರ್ದು. ಗ್ರೀಸ್ ಹಾಕೋದಾದ್ರೆ ತೆಳ್ಳಗೆ, ಮೇಲಿನ ತುದಿ ಕಡೆ ಒಂದು ಗೇಣು ಬಿಟ್ಟು ಹಾಕಿ, ಇಲ್ಲಾಂದ್ರೆ ಅದು ಮೀಟರೊಳಗೆ ಹತ್ತಿ ಬಟ್ಟಲು ಅಯಸ್ಕಾಂತಕ್ಕೆ ಅಂಟ್ಕೊಂಡು ಮುಳ್ಳು ಸುಳ್ಳು ಹೇಳೋಕೆ ಶುರು ಮಾಡುತ್ತೆ. ಪೋರ್ಷೆ 911 ಎಸ್‌ಸಿ ಥರದ ಕಾರುಗಳಲ್ಲಿ ಕೇಬಲ್ಲೇ ಇಲ್ಲ, ಅಲ್ಲಿ ನೋಡ್ಬೇಕಾಗಿರೋದು ಸೆನ್ಸರ್, ವೈರ್, ಅರ್ಥಿಂಗ್.

ಸಂಪಾದಕರೇ, ಆ ಓದುಗರ ಮೀಟರಲ್ಲಿರೋ ಅಂಕಿಗಳು ಆ ಕಾರು ಇಷ್ಟು ವರ್ಷ ಓಡಿದ ಲೆಕ್ಕ, ಹೊಸ ಮೀಟರ್ ಹಾಕಿದ್ರೆ ಅದು ಸೊನ್ನೆಯಿಂದ ಶುರು. ಅವರು ಇನ್ನೂ ಬಿಚ್ಚಿಸಿಲ್ಲ ಅಂದ್ರೆ ದಯವಿಟ್ಟು ಈ ಪತ್ರ ಬರೋ ವಾರದ ಪುಟದಲ್ಲೇ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ