ಬರೀ ‘ಲಾಗ್ ಕಳಿಸಿ’ ಅಂದರೆ ಏನು ಕಳಿಸಬೇಕು?

ಮಾನ್ಯ ಸಂಪಾದಕರೇ,

ಶಿರಸಿ ತಾಲೂಕಿನ ನಮ್ಮೂರ ಲೈಬ್ರರಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿದ್ದೇವೆ, ನೋಡಿಕೊಳ್ಳುವವನು ನಾನು. ಮಳೆ ಶುರುವಾದಾಗಿನಿಂದ ಅದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ, ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಹಾಕಬೇಕಿತ್ತು. ಮಕ್ಕಳು ಅರ್ಧ ಟೈಪ್ ಮಾಡಿದ್ದೆಲ್ಲ ಹೋಗುತ್ತಿತ್ತು. ಸಪೋರ್ಟಿನವರಿಗೆ ಮೊಬೈಲಿನಲ್ಲಿ ಸ್ಕ್ರೀನಿನ ಫೋಟೋ ತೆಗೆದು ಕಳಿಸಿದೆ. ‘ಲಾಗ್ ಕಳಿಸಿ’ ಎಂದು ಉತ್ತರ ಬಂತು. ಲಾಗ್ ಅಂದರೆ ತನ್ನೊಳಗೆ ಏನೇನು ನಡೆಯಿತು ಎಂದು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆ. ಯಾವ ಲಾಗ್, ಎಲ್ಲಿಂದ ತೆಗೆಯಬೇಕು, ಒಂದನ್ನೂ ಹೇಳಲಿಲ್ಲ. ಹೀಗೇ ಹನ್ನೊಂದು ದಿನ ಹೋಯಿತು. ನಡುವೆ ರ‍್ಯಾಮ್ ಬದಲಿಸಿ ಅಂದರು, ಆಮೇಲೆ ಮದರ್‌ಬೋರ್ಡೇ ಹೋಗಿರಬೇಕು ಅಂದರು.

ಕೊನೆಗೆ ದಾರಿ ತೋರಿಸಿದ್ದು ಕುಮಟಾದಲ್ಲಿರುವ ನನ್ನ ಅಕ್ಕನ ಮಗ. “ಮಾವ, ಲಾಗ್ ತೋರಿಸುವ ಡಿಮೆಸೇಜ್ ಅನ್ನೋ ಕಮಾಂಡ್ ಈಗ ಹಾಕಿದ್ರೆ ಉಪಯೋಗ ಇಲ್ಲ, ಅದು ಈ ಸಲ ಆನ್ ಮಾಡಿದ ಮೇಲಿನದ್ದನ್ನು ಮಾತ್ರ ತೋರಿಸ್ತದೆ. ಜರ್ನಲ್‌ಸಿಟಿಎಲ್ ಅಂತ ಬರೆದು ಮೈನಸ್ ಬಿ, ಮೈನಸ್ ಒಂದು ಹಾಕಿ. ಹಿಂದಿನ ಸಲ ನಿಂತುಹೋಯ್ತಲ್ಲ, ಆಗಿನದ್ದೇ ಸಿಗ್ತದೆ” ಅಂದ. ಹಾಕಿ ನೋಡಿದೆ. ನಿಲ್ಲುವ ಸ್ವಲ್ಪ ಮೊದಲು ಡಿಸ್ಕ್ ಓದಲು ಆಗುತ್ತಿಲ್ಲ ಎಂಬ ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಎಂಬ ಕಮಾಂಡ್ ಹಾಕಿಸಿದ. ಡಿಸ್ಕೇ ಹಾಳಾಗುತ್ತಿದ್ದರೆ ಸಾಮಾನ್ಯವಾಗಿ ರಿಅಲೋಕೇಟೆಡ್ ಸೆಕ್ಟರ್ ಎಂಬ, ಡಿಸ್ಕಿನಲ್ಲಿ ಕೆಟ್ಟು ಬದಲಿಸಿದ ಜಾಗಗಳ ಲೆಕ್ಕ ಏರುತ್ತದಂತೆ. ನಮ್ಮದರಲ್ಲಿ ಅದು ಸೊನ್ನೆ, ಏರುತ್ತಿದ್ದದ್ದು ಸಿಆರ್‌ಸಿ ಎರರ್ ಎಂಬ, ಮಾಹಿತಿ ಸಾಗುವಾಗ ಆಗುವ ತಪ್ಪುಗಳ ಲೆಕ್ಕ. ಅಂದರೆ ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲೇ ತೊಂದರೆ, ಹೆಚ್ಚಾಗಿ ಕೇಬಲ್‌ನದ್ದು. ಹೊಸ ಸಾಟಾ ಕೇಬಲ್ ಹಾಕಿದೆ. ಮತ್ತೆ ಒಂದು ಸಲವೂ ನಿಂತಿಲ್ಲ.

ಒಂದು ಕೇಬಲ್ಲಿಗೆ ಹನ್ನೊಂದು ದಿನ! ಸಪೋರ್ಟಿನವರು ಮೊದಲ ದಿನವೇ ಆ ಎರಡು ಕಮಾಂಡ್ ಬರೆದು ಕಳಿಸಿದ್ದರೆ ಸಾಕಿತ್ತು, ಅಲ್ವಾ? ತಪ್ಪು ನನ್ನದೂ ಇದೆ. ಎಷ್ಟು ಗಂಟೆಗೆ ನಿಂತಿತು, ಆಗ ಏನು ಮಾಡುತ್ತಿದ್ದೆವು, ಕರೆಂಟ್ ಹೋಗಿ ಬಂದಿತ್ತೇ ಎಂದು ಬರೆದಿಟ್ಟಿರಲಿಲ್ಲ. ಹೊತ್ತು ಗೊತ್ತಿಲ್ಲದೆ ಸಾವಿರಾರು ಸಾಲಿನ ಲಾಗಿನಲ್ಲಿ ಯಾರು ತಾನೇ ಹುಡುಕುತ್ತಾರೆ?

ಇನ್ನೊಂದು ಮಾತು ಹೇಳಲೇಬೇಕು. ಲಾಗ್, ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಡುವ ಸೋಸ್ ರಿಪೋರ್ಟ್ ಎಂಬ ಸಾಧನ ಇದೆ, ದೊಡ್ಡ ಕಂಪನಿಗಳ ಸಪೋರ್ಟಿನವರು ಜಾಸ್ತಿ ಕೇಳುವುದು ಅದನ್ನೇ. ಆದರೆ ಆ ಗಂಟಿನಲ್ಲಿ ನಮ್ಮ ಕಂಪ್ಯೂಟರಿನ ಹೆಸರು, ಐಪಿ ವಿಳಾಸ, ಬಳಸುವವರ ಹೆಸರು, ಸೆಟ್ಟಿಂಗ್ ಫೈಲುಗಳು ಎಲ್ಲ ಇರುತ್ತವೆ. ಬರೀ ಜರ್ನಲ್‌ಸಿಟಿಎಲ್ ಕೊಡುವ ಲಾಗ್ ತೆಗೆದರೂ ಮನೆಯ ವೈಫೈ ಹೆಸರು ಅದರಲ್ಲಿ ಇರಬಹುದು. ಇಂಥ ಲಾಗನ್ನು ಹಾಗೆಯೇ ವಾಟ್ಸಾಪ್ ಗ್ರೂಪಿಗೆ ಹಾಕುವವರನ್ನು ನಾನೇ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಸೋಸ್ ರಿಪೋರ್ಟಿಗೆ ‘ಕ್ಲೀನ್’ ಆಯ್ಕೆ ಸೇರಿಸಿದರೆ ಐಪಿ, ಹೆಸರುಗಳನ್ನು ಬದಲಿಸಿ ಕೊಡುತ್ತದೆ. ಇನ್‌ಎಕ್ಸ್‌ಐ ಎಂಬ, ಕಂಪ್ಯೂಟರಿನ ಭಾಗಗಳ ವಿವರ ಕೊಡುವ ಸಣ್ಣ ಸಾಧನಕ್ಕೆ ಮೈನಸ್ ಹಾಕಿ ಸಣ್ಣ ಝಡ್ ಅಕ್ಷರ ಸೇರಿಸಿದರೆ ಸೀರಿಯಲ್ ನಂಬರ್ ಮರೆಯಾಗುತ್ತದೆ. ಆದರೂ ಕಳಿಸುವ ಮೊದಲು ಒಮ್ಮೆ ಕಣ್ಣು ಹಾಯಿಸಿ. ಕಳಿಸುವುದು ಕೇಳಿದ ಒಬ್ಬರಿಗೆ ಮಾತ್ರ ಇರಲಿ.

ನಮ್ಮ ಲೈಬ್ರರಿಯಲ್ಲಿ ಈಗ ಕಂಪ್ಯೂಟರಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇನೆ, ತಂಡಿ ತಾಗದಂತೆ ಪ್ಲಾಸ್ಟಿಕ್ ಹಾಕಿ. ಯಾವ ಕಮಾಂಡ್, ಉತ್ತರವನ್ನು ಫೈಲಿಗೆ ಹೇಗೆ ಹಾಕುವುದು, ಏನನ್ನು ಅಳಿಸಿ ಕಳಿಸಬೇಕು, ಎಲ್ಲ ಕನ್ನಡದಲ್ಲಿದೆ. ಎಂಟನೇ ಕ್ಲಾಸಿನ ಹುಡುಗಿ ಅದನ್ನು ನೋಡಿಕೊಂಡು ತಾನೇ ಲಾಗ್ ತೆಗೆದಳು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೂ, ಶಾಲೆಗೋ ಸೊಸೈಟಿಗೋ ಲಿನಕ್ಸ್ ಹಾಕಿಕೊಡುವವರು ಬಿಲ್ಲಿನ ಜೊತೆ ಇಂಥದ್ದೊಂದು ಹಾಳೆಯನ್ನೂ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಶಿರಸಿ ತಾಲೂಕು